ಅತ್ತೆಯ ತೂಕಕ್ಕೊಂದು ಸೈಡ್‌ಕಾರು

ಜೋಡಿ ಕೂಡಿಸುವುದು ಮಹಾ ಪುಣ್ಯದ ಕೆಲಸವೆಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳುವವರೆಲ್ಲ ಜೋಡಿ ಕೂಡಿಸಿ, ಹೋಳಿಗೆ ಉಂಡು, ಎಲೆಅಡಿಕೆ ಹಾಕಿಕೊಂಡು ಎದ್ದುಹೋದವರು. ಆ ಜೋಡಿಯೊಳಗೆ ಸಿಕ್ಕಿಕೊಂಡು ಬಾಳಿದವರಲ್ಲ. ನಮ್ಮ ಮದುವೆಯಲ್ಲಿ ಮೂವತ್ತಾರು ಗುಣಗಳಿಗೆ ಇಪ್ಪತ್ತೊಂಬತ್ತು ಕೂಡಿದ್ದವಂತೆ. ಕೂಡದೆ ಉಳಿದ ಏಳು ಯಾವುವೆಂದು ಜೋಯಿಸರು ಆಗ ಬಾಯಿ ಬಿಡಲಿಲ್ಲ. ಮೂವತ್ತೊಂದು ವರ್ಷಗಳಲ್ಲಿ ಆರನ್ನು ನಾನೇ ಕಂಡುಹಿಡಿದುಕೊಂಡೆ. ಏಳನೆಯದು ಹೋದ ವರ್ಷ ಗೊತ್ತಾಯಿತು: ನಮ್ಮ ಯಜಮಾನರಿಗೆ ಮೋಟಾರ್ ಬೈಕಿನ ಪಕ್ಕಕ್ಕೆ ಜೋಡಿಸುವ ಸೈಡ್‌ಕಾರಿನ ಹುಚ್ಚು ಹಿಡಿಯುವ ಯೋಗವಿತ್ತು. ಶಿವ ದೊಡ್ಡವನು. ಕುಡಿತದ ಹುಚ್ಚು ಕೊಡಬಹುದಾಗಿತ್ತು, ಇಸ್ಪೀಟಿನ ಹುಚ್ಚು ಕೊಡಬಹುದಾಗಿತ್ತು. ಬರೀ ಮೂರನೆಯ ಚಕ್ರದ ಹುಚ್ಚು ಕೊಟ್ಟು ನನ್ನನ್ನು ಕಾಪಾಡಿದ. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಇದರ ಲೆಕ್ಕಕ್ಕೂ ಒಂದು ಬಿಲ್ವಪತ್ರೆ ಹೆಚ್ಚಿಗೆ ಏರಿಸುತ್ತೇನೆ.

ನ್ಯಾಯವಾಗಿ ಹೇಳಬೇಕೆಂದರೆ ಈ ಹುಚ್ಚಿಗೆ ಮೂಲ ಅವರಲ್ಲ, ನಮ್ಮತ್ತೆ. ಅತ್ತೆಗೆ ಎಪ್ಪತ್ತೆಂಟು. ಅವರಿಗಿರುವ ಕಾಯಿಲೆ ಮಧುಗಿರಿಯ ಯಾವ ಡಾಕ್ಟರ ಪುಸ್ತಕದಲ್ಲೂ ಇಲ್ಲ. ಓಡುವ ಗಾಡಿಯಲ್ಲಿ ತಲೆಯ ಮೇಲೆ ತಗಡು ಬಂತೆಂದರೆ ವಾಂತಿ. ಬಸ್ಸಾದರೆ ಊರ ಗಡಿ ದಾಟುವುದರೊಳಗೆ, ಕಾರಾದರೆ ಬೀದಿ ದಾಟುವುದರೊಳಗೆ, ಆಟೋ ಆದರೆ ಡ್ರೈವರು ಬಂದು ಸೀಟಿಗೆ ಕೂರುವುದರೊಳಗೆ. ತಲೆಯ ಮೇಲೆ ಬಯಲು ಆಕಾಶವಿದ್ದರೆ ಮಾತ್ರ ಕಾಶಿಗಾದರೂ ಸೈ. ಹಾಗಾಗಿ ಇಷ್ಟು ವರ್ಷ ಮಗನ ಸ್ಕೂಟರಿನ ಹಿಂದೆ ಕೂತು, ಕೊರಟಗೆರೆ ಮೇಲೆ ತೋವಿನಕೆರೆಗೆ, ತಮ್ಮ ಒಬ್ಬಳೇ ತಂಗಿ ಗಂಗಮ್ಮನ ಮನೆಗೆ ತಿಂಗಳಿಗೊಮ್ಮೆ ಹೋಗಿ ಜಗಳವಾಡಿಕೊಂಡು ಬರುತ್ತಿದ್ದರು. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಸರಿಯಿತು. ನಡೆಯುವಷ್ಟು ವಾಸಿಯಾಯಿತು, ಅದು ಶಿವನ ದಯೆ. ಸ್ಕೂಟರು ಹತ್ತುವಷ್ಟು ಆಗಲಿಲ್ಲ, ಅದೂ ಅವನದೇ ದಯೆ ಇರಬೇಕು, ಯಾಕೆಂದು ನನಗೆ ತಿಳಿಯದು.

ಇದೇ ಹೊತ್ತಿಗೆ ತೋವಿನಕೆರೆಯಲ್ಲಿ ಗಂಗಮ್ಮ ಚಿಕ್ಕಮ್ಮನ ಮೊಮ್ಮಗಳ ನಾಮಕರಣ ಬಂತು. ಅತ್ತೆ ಹೋಗಲಿಲ್ಲ. ಮಾರನೆಯ ದಿನ ಚಿಕ್ಕಮ್ಮ ಫೋನು ಮಾಡಿದರು. ಫೋನು ಅತ್ತೆಯ ಕಿವಿಯಲ್ಲಿದ್ದರೂ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ನನಗೆ ಒಂದಕ್ಷರ ಬಿಡದೆ ಕೇಳಿಸಿತು.

"ಏನಕ್ಕಾ, ದೊಡ್ಡೋಳಾಗ್ಬುಟ್ಟೆ. ಕಾರು ಕಳಿಸ್ತೀನಿ ಅಂದ್ರೆ ಕಾರು ಬ್ಯಾಡ, ಬಸ್ಸು ಬ್ಯಾಡ. ನಿಂಗೇನು ಅಂಬಾರಿ ತರ್ಬೇಕಿತ್ತಾ?"

"ಅಂಬಾರೀಗೂ ಮ್ಯಾಲೆ ಮುಚ್ಚಿರ್ತೈತೆ ಕಣೆ, ಅದ್ರಾಗೂ ನಂಗೆ ವಾಂತೀನೇ," ಎಂದರು ಅತ್ತೆ. ತಮಾಷೆಗೆ ಹೇಳಿದ್ದಲ್ಲ, ನಿಜವನ್ನೇ ಹೇಳಿದರು. ಚಿಕ್ಕಮ್ಮನಿಗೆ ಅದು ಕುಹಕವಾಗಿ ಕೇಳಿಸಿತು.

"ಅಂಗಾದ್ರೆ ಕೇಳ್ಕೊ. ನೀನು ನನ್ನ ಹೊಸ್ತಿಲು ತುಳಿಯೋಗಂಟ ನಾನು ನಿನ್ನ ಹೊಸ್ತಿಲು ತುಳಿಯಾಕಿಲ್ಲ. ಫೋನೂ ಎತ್ತಾಕಿಲ್ಲ. ಸಿದ್ದಪ್ಪನಾಣೆ!"

ತೋವಿನಕೆರೆಯವರು ಸಿದ್ದರಬೆಟ್ಟದ ಸ್ವಾಮಿಯ ಮೇಲೆ ಆಣೆಯಿಟ್ಟರೆ ಮುಗಿಯಿತು, ಆಮೇಲೆ ಅದನ್ನು ಇಟ್ಟವರೂ ತೆಗೆಯಲಾರರು. ಎಂಟು ತಿಂಗಳು ಫೋನು ಎತ್ತಲಿಲ್ಲ. ಅತ್ತೆ ದಿನಾ ಊಟವಾದ ಮೇಲೆ ಒಂದು ಸಲ ಮಾಡುವುದು, ಅದು ರಿಂಗಾಗಿ ರಿಂಗಾಗಿ ನಿಲ್ಲುವುದು, "ಹಸೂಗೆ ಹುಲ್ಲು ಹಾಕ್ತಿರ್ತಾಳೆ" ಎಂದು ತಾವೇ ಸಮಾಧಾನ ಹೇಳಿಕೊಳ್ಳುವುದು. ಎಂಟು ತಿಂಗಳು ಎಡೆಬಿಡದೆ ಹುಲ್ಲು ತಿನ್ನುವ ಹಸು ಯಾವುದಿದೆ? ಕೊನೆಕೊನೆಗೆ ಅತ್ತೆ ನನ್ನ ಸಾರಿಗೆ ಉಪ್ಪು ಹೆಚ್ಚಾಯಿತೆನ್ನುವುದನ್ನೂ ಬಿಟ್ಟರು. ಆಗ ಮಾತ್ರ ನನಗೆ ನಿಜವಾಗಿ ಭಯವಾಯಿತು.

ನಮ್ಮ ಯಜಮಾನರದು ಮಧುಗಿರಿಯಲ್ಲಿ ಪಾತ್ರೆ ಅಂಗಡಿ. ಪ್ರಪಂಚದ ಎಲ್ಲ ಕಷ್ಟವೂ ಪಾತ್ರೆಗೆ ತಕ್ಕ ಮುಚ್ಚಳ ಸಿಗದಿರುವುದರಿಂದಲೇ ಬರುತ್ತದೆ ಎಂಬುದು ಅವರ ಸಿದ್ಧಾಂತ. ತಾಯಿಯ ಸಂಕಟಕ್ಕೂ ಒಂದು ಮುಚ್ಚಳ ಹುಡುಕಿದರು. ಒಂದು ದಿನ ಊಟದ ಮಧ್ಯೆ ಕೈ ಎತ್ತಿ, "ಲೇ, ಸೈಡ್‌ಕಾರು!" ಎಂದರು. ಊಟದ ಪಕ್ಕಕ್ಕೆ ಹಪ್ಪಳ ಕೇಳಿದರೇನೋ ಎಂದು ನಾನು ಅಂದುಕೊಂಡೆ. ಆಮೇಲೆ ವಿವರಿಸಿದರು: ಬೈಕಿನ ಎಡಗಡೆಗೆ ಒಂದು ಚಕ್ರದ ತೊಟ್ಟಿ, ಅದರಲ್ಲಿ ಕುರ್ಚಿಯಂತೆ ಕೂರುವುದು, ಕಾಲು ಎತ್ತಿ ಹಾಕುವ ಗೋಜಿಲ್ಲ, ತಲೆಯ ಮೇಲೆ ತಗಡಿಲ್ಲ. ಕೇಳಿದರೆ ಒಪ್ಪಬೇಕಾದ ಮಾತೇ. ಅವರು ಒಪ್ಪಬೇಕಾದ ಮಾತು ಆಡುವುದೇ ಅಪರೂಪವಾದ್ದರಿಂದ ನಾನು ಒಪ್ಪಿಬಿಟ್ಟೆ. ಅಲ್ಲೇ ತಪ್ಪಾಯಿತು.

ಮೊದಲ ತೊಂದರೆ ಹೆಸರಿನಿಂದಲೇ ಹುಟ್ಟಿತು. ಅತ್ತೆ ಬಾಗಿಲ ಮುಂದಿನ ಜಗಲಿಯಲ್ಲಿ ಕೂತು, ಹೋಗುವ ಬರುವವರಿಗೆಲ್ಲ "ನನ್ ಮಗ ಕಾರು ತರ್ತಾವ್ನೆ, ಸೈಡ್‌ಕಾರು" ಎಂದು ಸಾರಿದರು. ನಮ್ಮ ಬೀದಿಯಲ್ಲಿ ಸೈಡ್ ಬಿಸಿನೆಸ್ ಎಂದರೆ ಎಲ್ಲರಿಗೂ ಗೊತ್ತು. ಮುಖ್ಯ ವ್ಯಾಪಾರವಲ್ಲದೆ ಪಕ್ಕಕ್ಕೆ ಇನ್ನೊಂದು. ಹಾಗಾಗಿ ಎರಡೇ ದಿನದಲ್ಲಿ ಪಾತ್ರೆ ಅಂಗಡಿಯವರು ಎರಡು ಕಾರು ಕೊಳ್ಳುತ್ತಿದ್ದಾರೆ, ಒಂದನ್ನು ಸೈಡಿಗೆ ಇಟ್ಟುಕೊಳ್ಳುತ್ತಾರೆ ಎಂದಾಯಿತು. ಎದುರು ಮನೆಯ ಪುಟ್ಟತಾಯಮ್ಮ ಹಾಲಿಗೆ ಹೆಪ್ಪು ಕೇಳುವ ನೆಪದಲ್ಲಿ ಬಂದು, ಅಂಗಳವನ್ನೆಲ್ಲ ಕಣ್ಣಲ್ಲೇ ಅಳೆದು, "ಸೈಡ್‌ಕಾರು ಇಲ್ಲಿ ನಿಲ್ಲುಸ್ತೀರ, ಸರಿ ಕಣಮ್ಮ. ಮೇನ್ ಕಾರು ಎಲ್ಲಿ ನಿಲ್ಲುಸ್ತೀರಾ?" ಎಂದು ಕೇಳಿದಳು. ಮೇನ್ ಕಾರು ಇಲ್ಲ, ಬರೀ ಸೈಡೇ ಇರುವುದು ಎಂದು ಹೇಳಿದರೆ ನಂಬಲಿಲ್ಲ. ಹೆಪ್ಪು ತೆಗೆದುಕೊಳ್ಳುವುದನ್ನು ಮರೆತು ಹೋದಳು. ನನಗೆ ಹೆಪ್ಪು ಉಳಿಯಿತು. ಸಣ್ಣ ಲಾಭವನ್ನೂ ಮರೆಯಬಾರದು.

ಮೊದಲು ನೋಡಿದ್ದು ಪಾವಗಡದಲ್ಲಿ. ಹಿಂದೊಮ್ಮೆ ಸೋಡಾ ಬಾಟಲಿ ಸಾಗಿಸುತ್ತಿದ್ದ ಒಂದು ಸ್ಕೂಟರಿಗೆ ಪಕ್ಕದ ತೊಟ್ಟಿ ಜೋಡಿಸಿತ್ತು. ಹೆಣ್ಣು ನೋಡಲು ಹೋಗುವಾಗ ಒಬ್ಬ ಹೆಂಗಸು ಜೊತೆಗಿರಬೇಕಲ್ಲ, ಹಾಗೆ ನನ್ನನ್ನೂ ಕರೆದುಕೊಂಡು ಹೋದರು. ನಮ್ಮವರು ಗಾಡಿಯ ಎಂಜಿನ್ ನೋಡಲಿಲ್ಲ, ಟೈರು ನೋಡಲಿಲ್ಲ. ಅಂಗಡಿಯಲ್ಲಿ ಕೊಡ ನೋಡುವಂತೆ ಬೆರಳ ಗೆಣ್ಣಿನಿಂದ ತೊಟ್ಟಿಯನ್ನು ಟಣ್ ಟಣ್ ಎಂದು ಬಡಿದು, ಕಿವಿಗೊಟ್ಟು ಕೇಳಿ, "ತಗಡು ದಪ್ಪಗೈತೆ, ಗೇಜು ಚೆನ್ನಾಗೈತೆ" ಎಂದರು. ಮಾರುವವನು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಅದನ್ನೇ ಹಿಡಿದುಕೊಂಡ.

"ಬಂಗಾರಂ ಬಂಡಿ ಅಣ್ಣಾ! ಏಮೀ ತೊಂದ್ರೆ ಲೇದು. ರೇಸ್ ಕೊಟ್ರೆ ಸ್ವಲ್ಪ ಎಡಕ್ಕೆ ಎಳೀತೈತೆ, ಬ್ರೇಕ್ ಹಾಕಿದ್ರೆ ಸ್ವಲ್ಪ ಬಲಕ್ಕೆ ಹೋತೈತೆ, ಅಷ್ಟೇ."

"ನೆಟ್ಟಗೆ ಯಾವಾಗ ಹೋಗ್ತದಪ್ಪಾ?" ಎಂದು ನಾನು ಕೇಳಿದೆ.

"ನಿಂತಿದ್ದಾಗ ಅಮ್ಮಾ," ಎಂದ. ಪಾಪ, ಸತ್ಯವಂತ.

ಅಲ್ಲಿಂದ ಒಂದು ವಾರ ಬಿಟ್ಟು ಶಿರಾಕ್ಕೆ. ಅಲ್ಲಿ ಹಳೆಯ ಬೈಕುಗಳ ಮೆಕ್ಯಾನಿಕ್ ಸಾಬರೊಬ್ಬರಿದ್ದಾರೆ. ಬಿಳಿ ಗಡ್ಡ, ಗ್ರೀಸಿನ ಕೈ, ಮೌಲ್ವಿಗಳ ಗಾಂಭೀರ್ಯ. ಅವರ ಶೆಡ್ಡಿನಲ್ಲಿ ಭಾರಿ ಎಂಜಿನ್ನಿನ ಒಂದು ಹಳೆಯ ಬೈಕಿಗೆ ದೋಣಿಯಾಕಾರದ ಸೈಡ್‌ಕಾರು ಜೋಡಿಸಿತ್ತು, ಕಾಗದಪತ್ರದಲ್ಲೂ ಅದು ನಮೂದಾಗಿತ್ತು. ನಮ್ಮವರು ಬಡಿಯಲು ಬೆರಳು ಮಡಚಿದ್ದೇ ತಡ, ಸಾಬರು ಅವರ ಕೈ ಹಿಡಿದು ಕೆಳಗಿಳಿಸಿ, "ಸಾವ್ಕಾರ್ರೆ, ಇದು ಕೊಡ ಅಲ್ಲ" ಎಂದರು. ಮೂವತ್ತೊಂದು ವರ್ಷ ನಾನು ಮಾಡಲಾಗದ ಕೆಲಸವನ್ನು ಒಂದು ಗಳಿಗೆಯಲ್ಲಿ ಮಾಡಿದ ಆ ಮನುಷ್ಯನ ಮೇಲೆ ನನಗೆ ಅಂದಿನಿಂದ ಗೌರವ.

"ಜೋಡಿ ಬರಾಬರ್ ಇರ್ಬೇಕು," ಎಂದು ಸಾಬರು ಶುರುಮಾಡಿದರು. "ತೊಟ್ಟಿ ಬಂದು ಗಾಡಿ ತೂಕದ ಮೂರ್ನೇ ಒಂದು ಪಾಲು ಇರ್ಬೇಕು. ಜಾಸ್ತಿ ಆದ್ರೆ ತೊಟ್ಟೀನೇ ಗಾಡೀನ ಎಳ್ಕೊಂಡೋಗ್ತೈತೆ. ಕಮ್ಮಿ ಆದ್ರೆ ಎಡಕ್ಕೆ ತಿರುಗ್ಸಿದಾಗ ಚಕ್ರ ನೆಲ ಬಿಟ್ಟು ಹಾರ್ತೈತೆ. ಯಾರ್ಯಾರು ಕೂರೋದು, ಅವರ ತೂಕ ಎಷ್ಟು, ಹೇಳಿ. ಆಮೇಲೆ ಇದು ಬೇಕೋ, ಪಾವಗಡದ್ದು ಸಾಕೋ ನಾನು ಹೇಳ್ತೀನಿ."

ನಮ್ಮವರು ತಮ್ಮದು ಅರವತ್ತು ಎಂದರು. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಸುಳ್ಳು ಹೇಳುವವಳಲ್ಲ. ವಿಭೂತಿ ಧರಿಸಿದ ಹಣೆಯಡಿಯ ಬಾಯಿಂದ ಸುಳ್ಳು ಬರಬಾರದು ಎಂದು ನಮ್ಮಮ್ಮ ಹೇಳಿಕೊಟ್ಟಿದ್ದಾಳೆ. "ಐವತ್ತೆಂಟು," ಎಂದೆ. ಅದು ನಿಜವೇ, ಯಾವ ವರ್ಷದ್ದು ಎಂದು ಅವರು ಕೇಳಲಿಲ್ಲ. ಸಾಬರು ನನ್ನನ್ನೊಮ್ಮೆ ನೋಡಿದರು, ಗಾಡಿಯ ಕೆಳಗಿನ ಸ್ಪ್ರಿಂಗನ್ನೊಮ್ಮೆ ನೋಡಿದರು.

"ಅಮ್ಮಾ, ನಂಗೆ ಹೇಳೋದಲ್ಲ, ಆ ಸ್ಪ್ರಿಂಗಿಗೆ ಹೇಳ್ಬೇಕು. ಅದಕ್ಕೆ ಮುಲಾಜಿಲ್ಲ," ಎಂದರು ತಣ್ಣಗೆ.

"ಐವತ್ತೆಂಟೇ," ಎಂದು ನಮ್ಮವರು ನನ್ನ ಪರ ನಿಂತರು. ಮದುವೆಯಾದಂದಿನಿಂದ ಅವರು ನನ್ನನ್ನು ಸರಿಯಾಗಿ ನೋಡಿಲ್ಲವೆಂಬ ನನ್ನ ಅನುಮಾನಕ್ಕೆ ಶಿರಾದಲ್ಲಿ ಸಾಕ್ಷಿ ಸಿಕ್ಕಿತು. ಇಷ್ಟೇ ತೂಕವಾದರೆ ಪಾವಗಡದ ಸ್ಕೂಟರೇ ಸಾಕಾದೀತೇನೋ, ಅಮ್ಮನನ್ನೊಂದು ತೂಗಿಬಿಟ್ಟರೆ ಮುಗಿಯಿತು ಎಂದು ಹೇಳುತ್ತಲೇ ಮಧುಗಿರಿಗೆ ಹಿಂತಿರುಗಿದರು.

ಅಮ್ಮನನ್ನು ತೂಗುವುದು! ಅಂಗಡಿಯಲ್ಲಿ ದೊಡ್ಡ ತಕ್ಕಡಿಯೇನೋ ಇದೆ. ಹಳೆಯ ತಾಮ್ರ, ಹಿತ್ತಾಳೆ ತೂಕಕ್ಕೆ ಹಾಕಿಕೊಂಡು ಹೊಸ ಸ್ಟೀಲು ಕೊಡುವುದಕ್ಕೆ ಇಟ್ಟಿರುವುದು. "ಒಂದು ಗಳಿಗೆ ಇದರ ಮೇಲೆ ನಿಂತ್ಕೊಳವ್ವಾ" ಎಂದು ನಯವಾಗಿ ಕೇಳಿದ್ದಕ್ಕೆ ಅತ್ತೆ ಬೀದಿಗೆಲ್ಲ ಕೇಳುವಂತೆ ಬಾಯಿ ಮಾಡಿದರು.

"ಲೇ ಮಗಾ, ಹಳೇ ಪಾತ್ರೆ ತೂಗೋ ತಕ್ಕಡೀಲಿ ನನ್ನ ತೂಗ್ತೀಯಾ? ತೂಗಿ ಏನು ಮಾಡ್ತೀಯ, ನನ್ನ ಹಾಕ್ಬುಟ್ಟು ಹೊಸ ಅವ್ವನ್ನ ತಗಂಬರ್ತೀಯಾ? ಬದುಕಿರೋರ್ನ ತೂಗಿದ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತ ಗೊತ್ತಿಲ್ವಾ ನಿಂಗೆ?"

ಬದುಕಿರುವವರನ್ನು ಆಯಸ್ಸಿಗೆ ಕುಂದಿಲ್ಲದೆ ತೂಗುವ ತಕ್ಕಡಿ ಒಂದೇ, ಅದು ದೇವರ ಗುಡಿಯಲ್ಲಿರುವುದು. ಈ ಉಪಾಯ ಹೊಳೆದದ್ದು ನನಗೆ, ಒಪ್ಪಿಕೊಳ್ಳುತ್ತೇನೆ. ಸೊಂಟ ವಾಸಿಯಾದದ್ದಕ್ಕೆ ಮನೆದೇವರಿಗೆ ಬೆಲ್ಲದ ತುಲಾಭಾರ ಮಾಡಿಸೋಣ ಎಂದೆ. ಅತ್ತೆ ಕಣ್ಣಲ್ಲಿ ನೀರು ತಂದುಕೊಂಡು, "ನನ್ ಸೊಸೆ ಬಂಗಾರ ಕಣಮ್ಮ" ಎಂದು ಪುಟ್ಟತಾಯಮ್ಮನ ಮುಂದೆ ಹೊಗಳಿದರು. ನನಗೆ ಸ್ವಲ್ಪ ನಾಚಿಕೆಯಾಯಿತು, ತುಂಬ ಅಲ್ಲ. ದೇವರಿಗೆ ಬೆಲ್ಲ ಸಿಗುತ್ತದೆ, ದಾಸೋಹಕ್ಕೆ ಪಾಯಸವಾಗುತ್ತದೆ, ಸಾಬರಿಗೆ ಲೆಕ್ಕ ಸಿಗುತ್ತದೆ. ಯಾರಿಗೆ ಏನು ನಷ್ಟ? ಆದರೆ ಬಂಗಾರದ ಸೊಸೆಯೆಂದು ಹೊಗಳಿದ ಬಾಯಲ್ಲೇ ಅತ್ತೆ ಮುಂದಿನ ಮಾತು ಹೇಳಿದರು: "ನಂಗೊಬ್ಳಿಗೇ ಯಾಕೆ ಪುಣ್ಯ? ಅವ್ಳೂ ಕೂತ್ಕೊಳ್ಲಿ."

ಸೋಮವಾರ ಗುಡಿಗೆ ಹೋದೆವು. ಕೆಜಿ ತೂಕದ ಅಚ್ಚುಬೆಲ್ಲ, ಅತ್ತೆಗೆಂದು ಎಂಬತ್ತು, ನನಗೆಂದು ಅರವತ್ತು. ಅರವತ್ತು ಯಾಕೆಂದರೆ, ನಮ್ಮವರು ಎರಡು ಹೆಚ್ಚಿಗೆ ಹಿಡಿದಿದ್ದರು, "ಸೀರೆ ತೂಕ" ಎಂದು. ಅತ್ತೆ ಕೂತರು. ಎಪ್ಪತ್ತಾರಕ್ಕೆ ತಟ್ಟೆ ಸಮವಾಯಿತು. ನಮ್ಮವರು ಕ್ಯಾಲೆಂಡರಿನ ಹಿಂಬದಿಯ ಚೀಟಿಯಲ್ಲಿ ಬರೆದುಕೊಂಡರು. ಆಮೇಲೆ ನಾನು ಕೂತೆ. ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳಿಕೊಳ್ಳುತ್ತ, ಶಿವನೇ ಇವತ್ತೊಂದು ದಿನ ನನ್ನನ್ನು ಹಗುರ ಮಾಡು ಎಂದು ಬೇಡಿಕೊಂಡೆ. ಅರವತ್ತು ಅಚ್ಚೂ ತಟ್ಟೆಗೆ ಹೋದವು. ನನ್ನ ತಟ್ಟೆ ನೆಲ ಬಿಡಲಿಲ್ಲ. ಪೂಜೆ ಮಾಡುವ ಅಯ್ನೋರು "ಇನ್ನೊಂದು ಹಾಕಿ" ಎಂದರು. ಅತ್ತೆಯದರಲ್ಲಿ ಉಳಿದಿದ್ದ ನಾಲ್ಕೂ ಹೋದವು. ಸುತ್ತ ಜನ ಸೇರಿದರು. ಯಾರೋ ಪುಣ್ಯಾತ್ಮರು ತಮ್ಮ ಕೈಯ ತೆಂಗಿನಕಾಯಿ ಕೊಟ್ಟರು, ಇನ್ನೊಬ್ಬರು ಬಾಳೆಗೊನೆ. ಕೊನೆಗೆ ಅಯ್ನೋರು ಅಭಿಷೇಕದ ಹಿತ್ತಾಳೆ ಕೊಡವನ್ನೇ ಎತ್ತಿಟ್ಟಾಗ ನಾನು ಒಂದು ಗೇಣು ಮೇಲೆದ್ದೆ. ಪಾತ್ರೆ ವ್ಯಾಪಾರಿಗೆ ಕೊಡದ ತೂಕ ಕಣ್ಣಳತೆಯಲ್ಲೇ ಗೊತ್ತು. "ಎರಡೂವರೆ," ಎಂದು ಗುಣುಗಿ, ಎಲ್ಲ ಕೂಡಿ, ಎಪ್ಪತ್ತೊಂದು ಎಂದು ಬರೆದುಕೊಂಡು, ತಾಮ್ರವೆಂದು ಕೊಂಡ ಬಿಂದಿಗೆಯೊಳಗೆ ಸೀಸ ಸಿಕ್ಕಿದವರಂತೆ ನನ್ನನ್ನು ನೋಡಿದರು. ಚೀಟಿ ಮಡಚಿ ಜೇಬಿಗಿಟ್ಟುಕೊಂಡರು. ಅದೇ ದೊಡ್ಡ ದಯೆ. ಅತ್ತೆ ಮಾತ್ರ ಸುಮ್ಮನಿರದೆ, "ನನ್ ಮನೇಲಿ ಸೊಸೆ ಉಂಡುಟ್ಟು ಸುಖವಾಗವ್ಳೆ ಅನ್ನಾಕೆ ಇದಕ್ಕಿಂತ ಇನ್ನೇನು ಬೇಕು?" ಎಂದು ನೆರೆದವರ ಮುಂದೆ ತಮ್ಮ ಕೀರ್ತಿಯನ್ನು ತಾವೇ ಹಾಡಿಕೊಂಡರು.

ಲೆಕ್ಕ ಸಾಬರಿಗೆ ಫೋನಿನಲ್ಲಿ ಹೋಯಿತು. "ನಾನು ಎಪ್ಪತ್ತು ಅಂದ್ಕೊಂಡಿದ್ದೆ, ಒಂದು ತಪ್ಪಾಯ್ತು, ಮಾಫ್ ಮಾಡಿ," ಎಂದರಂತೆ. ಸ್ಕೂಟರು ಸಾಲದು, ಆ ಕೊರಟಗೆರೆ ದಿಕ್ಕಿನ ಏರಿನಲ್ಲಿ ಮೂವರನ್ನೂ ಹೊತ್ತು ಅದು ಕಣ್ಣೀರು ಹಾಕುತ್ತದೆ, ಶಿರಾದ ಭಾರಿ ಬೈಕೇ ಆಗಬೇಕು ಎಂದು ತೀರ್ಮಾನವಾಯಿತು. ಹೀಗೆ ನಮ್ಮ ಮನೆಗೆ ಬಂದ ಗಾಡಿಯನ್ನು ನಮ್ಮವರು ಆರಿಸಿದ್ದೆಂದು ಊರೆಲ್ಲ ಹೇಳಿಕೊಳ್ಳುತ್ತಾರೆ. ಆರಿಸಿದ್ದು ನನ್ನ ಹದಿಮೂರು ಕೆಜಿ.

ಗಾಡಿಪೂಜೆಗೆ ನಿಂಬೆಹಣ್ಣಿನ ಸಮಸ್ಯೆ ಬಂತು. ಬೈಕಿಗೆ ಎರಡು, ಕಾರಿಗೆ ನಾಲ್ಕು, ಇದಕ್ಕೆಷ್ಟು? ಅಯ್ನೋರು ಗಾಡಿಯನ್ನು ಸುತ್ತಿ ಬಂದು, ಎಣಿಸಿ, ಮೂರಿಟ್ಟರು. ನಮ್ಮವರು ಗಾಡಿ ಬಿಟ್ಟರು. ಬೈಕಿನ ಎರಡೂ ಹಣ್ಣು ಒಡೆದವು. ತೊಟ್ಟಿ ಖಾಲಿಯಿತ್ತಲ್ಲ, ಅದರ ಚಕ್ರ ಹಣ್ಣಿನ ಮೇಲೇರಿ ಪುಟಿದು ಆಚೆ ಇಳಿಯಿತು. ನಿಂಬೆಹಣ್ಣು ಉರುಳಿಕೊಂಡು ನನ್ನ ಕಾಲ ಬಳಿ ಬಂದು ನಿಂತಿತು, ಒಂದು ಗೀರೂ ಇಲ್ಲದೆ. ನೆರೆದವರು ಅಪಶಕುನವೆಂದರು. ಅಯ್ನೋರು ಏನೂ ಯೋಚಿಸದೆ, "ತೂಕ ಇಲ್ಲ. ಅಮ್ನೋರ್ನ ಕೂರ್ಸಿ," ಎಂದು ನನ್ನನ್ನು ತೋರಿಸಿದರು. ಗುಡಿಯ ತಕ್ಕಡಿಯ ಸುದ್ದಿ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೂತೆ. ಹಣ್ಣು ಅಪ್ಪಚ್ಚಿಯಾಯಿತು. ಅಪಶಕುನವನ್ನು ಸ್ವತಃ ಕೂತು ನಿವಾರಿಸುವ ಭಾಗ್ಯ ಎಷ್ಟು ಹೆಂಗಸರಿಗೆ ಸಿಕ್ಕೀತು?

ಅದಾದ ಮೇಲೆ ಹದಿನೈದು ದಿನ ಅಭ್ಯಾಸ. ಸಾಬರು ಹೇಳಿದ್ದರು: ಎಡ ತಿರುವಿನಲ್ಲಿ ತೊಟ್ಟಿಯ ಚಕ್ರ ಮೇಲೇಳದಂತೆ, ಬೈಕಿನ ಹಿಂದೆ ಕೂತವರು ಎಡಕ್ಕೆ ಚೆನ್ನಾಗಿ ವಾಲಬೇಕು. ಹಿಂದೆ ಕೂರುವವಳು ನಾನೇ. ಇಲ್ಲಿ ಇನ್ನೊಂದು ಧರ್ಮಸಂಕಟ. ಸೀರೆಯುಟ್ಟು ಒಂದು ಪಕ್ಕಕ್ಕೆ ಕೂತರೆ ಕಾಲು ಎಡಗಡೆಗೆ ಇಳಿಬೀಳುತ್ತವೆ, ಎಡಗಡೆಗೆ ತೊಟ್ಟಿ, ತೊಟ್ಟಿಯಲ್ಲಿ ಅತ್ತೆ. ಸೊಸೆಯ ಕಾಲು ಸರಿಯಾಗಿ ಅತ್ತೆಯ ತಲೆಗೆ ಬರುತ್ತದೆ! ಎಷ್ಟೋ ಸೊಸೆಯರು ಇದಕ್ಕೆ ಹರಕೆ ಹೊತ್ತುಕೊಂಡಾರು, ನಾನು ಅಂಥವಳಲ್ಲ. ಎರಡೂ ಕಡೆ ಕಾಲು ಹಾಕಿ ಕೂರಬೇಕು, ಅದಕ್ಕೆ ಸೀರೆ ಆಗುವುದಿಲ್ಲ. ನೈಟಿ ಹಾಕಿಕೊಂಡು ಅಂಗಳಕ್ಕೆ ಬಂದರೆ ಮೂರು ದಿನ ಮಾತು ಬಿಡುತ್ತಿದ್ದ ಅತ್ತೆ, ತಂಗಿಯ ಹೊಸ್ತಿಲು ಕಣ್ಣಿಗೆ ಕಾಣತೊಡಗಿದ ಮೇಲೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: "ಚೂಡಿದಾರ ಹಾಕ್ಕೊಂಡು ಬಾರೆ, ಯಾರು ನೋಡ್ತಾರೆ ನಿನ್ನ!" ಐವತ್ತಮೂರನೆಯ ವಯಸ್ಸಿನಲ್ಲಿ ನನಗೆ ಸ್ವಾತಂತ್ರ್ಯ ಬಂತು. ದಿನಾ ಬೆಳಿಗ್ಗೆ ಕೆರೆ ಏರಿಯ ಕಡೆ ಹೋಗುವುದು, ನಮ್ಮವರು "ಎಡಾ!" ಎಂದು ಕೂಗುವುದು, ನಾನು ಶಿವಾ ಎಂದು ಎಡಕ್ಕೆ ವಾಲುವುದು. ಎರಡನೆಯ ವಾರಕ್ಕೆ ಅವರು ಕೂಗುವ ಮೊದಲೇ ವಾಲತೊಡಗಿದೆ. ಸಂಸಾರದಲ್ಲೂ ಅಷ್ಟೇ, ಅಭ್ಯಾಸವಾಗುತ್ತದೆ.

ಹೊರಟ ದಿನ ಅತ್ತೆ ಮನೆಯ ಜಗಲಿಯಿಂದ ಸೀದಾ ತೊಟ್ಟಿಯೊಳಕ್ಕೆ ಇಳಿದು, ಮಹಾರಾಣಿಯಂತೆ ಕೂತು, ತಲೆಗೆ ಶಾಲು ಸುತ್ತಿಕೊಂಡರು. ಮಡಿಲಲ್ಲಿ ಮಗುವಿಗೆಂದು ಬೆಳ್ಳಿಯ ಕಾಲ್ಗಡಗ, ಕರಜೀಕಾಯಿ ಡಬ್ಬ. ಗಾಳಿ ಮುಖಕ್ಕೆ ಬಡಿಯುತ್ತಿದ್ದರೂ ದಾರಿಯುದ್ದಕ್ಕೂ ಬಾಯಿ ನಿಲ್ಲಲಿಲ್ಲ. ಕೊರಟಗೆರೆಯಲ್ಲಿ ಟೀ ಕುಡಿದೆವು. ಸಿದ್ದರಬೆಟ್ಟ ಕಂಡಾಗ ಅತ್ತೆ ಕೂತಲ್ಲೇ ಕೈ ಮುಗಿದು, "ಅವ್ಳು ಬಾಗ್ಲು ಹಾಕ್ಕೊಳ್ದಂಗೆ ನೋಡ್ಕೊಳಪ್ಪಾ" ಎಂದರು. ಆಗಲೇ ಗೊತ್ತಾದದ್ದು, ಇಷ್ಟು ಹೊತ್ತು ಆ ಬಾಯಿ ನಿಲ್ಲದೆ ಆಡುತ್ತಿದ್ದದ್ದು ಹೆದರಿಕೆಗೆ. ಒಂದು ಹನಿ ವಾಂತಿಯಿಲ್ಲ. ತೋವಿನಕೆರೆಯ ಮನೆಯ ಮುಂದೆ ಗಾಡಿ ನಿಂತಿತು.

ಚಿಕ್ಕಮ್ಮ ಹೊಸ್ತಿಲ ಒಳಗಡೆ ಬಂದು ನಿಂತರು. ಹೊಸ್ತಿಲು ದಾಟಲಿಲ್ಲ. ಎಂಟು ತಿಂಗಳ ಸಿಟ್ಟನ್ನು ಎದೆಗೆ ಕಟ್ಟಿಕೊಂಡಂತೆ ಕೈ ಕಟ್ಟಿಕೊಂಡು ನೋಡುತ್ತ ನಿಂತರು. ಇನ್ನು ಅತ್ತೆ ಇಳಿದು ನಾಲ್ಕು ಹೆಜ್ಜೆ ಇಟ್ಟು ಹೊಸ್ತಿಲು ತುಳಿದರೆ ಆಯಿತು. ಅತ್ತೆ ಏಳಲು ನೋಡಿದರು. ಏಳಲಾಗಲಿಲ್ಲ. ತೂಕ ಲೆಕ್ಕ ಹಾಕಿದ್ದೆವು, ಏರು ಲೆಕ್ಕ ಹಾಕಿದ್ದೆವು, ನಿಂಬೆಹಣ್ಣೂ ಲೆಕ್ಕ ಹಾಕಿದ್ದೆವು. ನೆಲದಿಂದ ಮೊಳದೆತ್ತರದ ತೊಟ್ಟಿಯೊಳಗೆ ಜಗಲಿಯಿಂದ ಇಳಿದು ಕೂತ ಮುದುಕಿ, ಜಗಲಿಯಿಲ್ಲದ ಊರಿನಲ್ಲಿ ಮೇಲೆದ್ದು ಬರುವುದು ಹೇಗೆಂದು ಮೂರು ತಾಲ್ಲೂಕು ಸುತ್ತಿದ ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಮ್ಮವರು ಒಂದು ರಟ್ಟೆ ಹಿಡಿದರು, ನಾನೊಂದು. ಎತ್ತಿದರೆ ಅತ್ತೆಯ ಜೊತೆ ತೊಟ್ಟಿಯೂ ಏಳುವ ಹಾಗೆ ಕಾಣಿಸಿತು. "ಅಯ್ಯೋ ಸೊಂಟ!" ಎಂದರು ಅತ್ತೆ. ಬಿಟ್ಟೆವು. ಮತ್ತೆ ಹಿಡಿದೆವು. ಅತ್ತೆ ಕೈ ಕೊಡವಿಕೊಂಡು ಹೊಸ್ತಿಲ ಕಡೆ ನೋಡಿದರು. ನಾಲ್ಕು ಹೆಜ್ಜೆ ದೂರ.

"ಬಂದಿವ್ನಿ ಕಣೆ ಗಂಗೀ," ಎಂದರು ಅಲ್ಲಿಂದಲೇ. ದನಿ ಸಣ್ಣಗಿತ್ತು. "ಏಳಾಕಾಗ್ತಿಲ್ಲ. ಹೊಸ್ತಿಲು ತುಳಿಯೋದು ಹೆಂಗೆ?"

ಚಿಕ್ಕಮ್ಮ ಕಟ್ಟಿದ ಕೈ ಬಿಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಮ್ಮ ಹೊಸ್ತಿಲನ್ನು ತಾವೇ ದಾಟಿ ಓಡಿಬಂದರು. "ಬುಡ್ರೋ ಅತ್ಲಾಗೆ! ಎಮ್ಮೆ ಎಳ್ದಂಗೆ ಎಳೀತಾವ್ರೆ!" ಎಂದು ನಮ್ಮಿಬ್ಬರನ್ನೂ ತಳ್ಳಿ, ಬಗ್ಗಿ, ಅಕ್ಕನ ಎರಡೂ ತೋಳಡಿ ಕೈ ಹಾಕಿ, ಎದೆಗಪ್ಪಿ ಒಂದೇ ಸಲಕ್ಕೆ ಎತ್ತಿ ನಿಲ್ಲಿಸಿದರು. ಕಸುವಿನಿಂದ ಎತ್ತಿದರೋ, ಬಿದ್ದ ಹಸುಗಳನ್ನು ಎತ್ತಿ ಅಭ್ಯಾಸವೋ. ನಿಂತ ಮೇಲೂ ಬಿಡಲಿಲ್ಲ.

"ಸೊರಗ್ಬುಟ್ಟಿದೀಯಲ್ಲಕ್ಕಾ," ಎಂದರು ಚಿಕ್ಕಮ್ಮ ಮೂಗು ಒರೆಸಿಕೊಳ್ಳುತ್ತ.

"ಎಪ್ಪತ್ತಾರು ಕೇಜಿ ಸೊರಗಿವ್ನಿ. ದೇವರ ತಕ್ಕಡೀಲಿ ತೂಗ್ಸೀವ್ನಿ," ಎಂದರು ಅತ್ತೆ ಅಳುತ್ತಲೇ.

ನಾನು ಚೂಡಿದಾರದ ದುಪಟ್ಟಾದಿಂದ ಕಣ್ಣೊರೆಸಿಕೊಂಡೆ. ಬಟ್ಟೆ ಅದಕ್ಕೂ ಆಗುತ್ತದೆ. ಅಕ್ಕ ಹೊಸ್ತಿಲು ತುಳಿದರು, ಮಗುವಿಗೆ ಕಾಲ್ಗಡಗ ಹಾಕಿದರು, ಹೋಳಿಗೆಯಾಯಿತು, ಒಂದು ಗಂಟೆಯೊಳಗೆ ಹೋಳಿಗೆಯ ಹೂರಣ ಗಟ್ಟಿಯಾಯಿತೆಂದು ಇಬ್ಬರೂ ಜಗಳ ಶುರುಮಾಡಿದರು. ಎಲ್ಲ ಸರಿಹೋಯಿತೆಂದು ನಾನು ಶಿವನಿಗೆ ಕೈ ಮುಗಿದೆ. ಮುಗಿದದ್ದು ಸ್ವಲ್ಪ ಬೇಗವಾಯಿತು. ಮಧ್ಯಾಹ್ನ ಹೊರಡುವಾಗ ಚಿಕ್ಕಮ್ಮ ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದು ಬಂದರು. ಅಕ್ಕ ತಮ್ಮ ಹೊಸ್ತಿಲು ತುಳಿದಾಯಿತು, ಇನ್ನು ತಾವು ಅಕ್ಕನ ಹೊಸ್ತಿಲು ತುಳಿಯಬಹುದು. ತುಳಿಯಬಹುದಾದ ಮೇಲೆ ಇವತ್ತೇ ಯಾಕೆ ತುಳಿಯಬಾರದು? ಬಸ್ಸಿನಲ್ಲಿ ಬನ್ನಿ ಎಂದರೆ ಅತ್ತೆ ತಂಗಿಯ ಕೈ ಬಿಡಲೊಲ್ಲರು. ಚಿಕ್ಕಮ್ಮ ಕಳೆ ಕೀಳಲು ಹೋಗುವಂತೆ ಸೀರೆಯನ್ನು ಎತ್ತಿ ಕಚ್ಚೆ ಸಿಕ್ಕಿಸಿಕೊಂಡು, ಬೈಕಿನ ಹಿಂದೆ ಎರಡೂ ಕಡೆ ಕಾಲು ಹಾಕಿ ಕೂತೇಬಿಟ್ಟರು. ನಾನು ಇನ್ನೂ ಚಪ್ಪಲಿ ಹುಡುಕುತ್ತಿದ್ದೆ.

ನಮ್ಮವರು ನನ್ನನ್ನು ನೋಡಿದರು, ಚಿಕ್ಕಮ್ಮನನ್ನು ನೋಡಿದರು, ಮನಸ್ಸಿನಲ್ಲೇ ಕೂಡಿ ಕಳೆದರು. "ಚಿಕ್ಕಮ್ಮ ನಲವತ್ತೈದು ಇದ್ದಾರು," ಎಂದು ಯಾರಿಗೋ ಹೇಳುವಂತೆ ಹೇಳಿದರು. "ಗಾಡಿ ಆರಾಮಾಗಿ ಹೋಗ್ತದೆ." ನಾನಿದ್ದಾಗ ಗಾಡಿ ಎಷ್ಟು ಕಷ್ಟಪಡುತ್ತಿತ್ತೆಂದು ಬಾಯಿಬಿಟ್ಟು ಹೇಳಲಿಲ್ಲ. ಅದನ್ನೂ ದಯೆಯ ಲೆಕ್ಕಕ್ಕೆ ಎಣಿಸಿಕೊಂಡೆ.

ಬಸ್ಸು ಬೇಗ ಸಿಕ್ಕಿತು. ಹೆಂಗಸರಿಗೆ ಬಿಟ್ಟಿ ಪ್ರಯಾಣದ ಕಾಲ, ಕೂರಲು ಸೀಟೂ ಸಿಕ್ಕಿತು. ಎಡಗಡೆಯ ಸಾಲು, ಕಿಟಕಿಯ ಕಡೆ ಹೂವಿನ ಬುಟ್ಟಿ ಇಟ್ಟುಕೊಂಡ ಹೆಂಗಸು, ಇತ್ತ ನಾನು. ಕೊರಟಗೆರೆಗೆ ಇನ್ನೂ ದೂರವಿರುವಾಗ ನಮ್ಮ ಬಸ್ಸು ಅವರನ್ನು ಹಿಂದೆ ಹಾಕಿತು. ಕತ್ತು ಚಾಚಿ ನೋಡಿದೆ. ಹಿಂದೆ ಕೂತ ತಂಗಿ ಬಗ್ಗಿ, ತೊಟ್ಟಿಯಲ್ಲಿ ಕೂತ ಅಕ್ಕನ ಹೆಗಲು ಹಿಡಿದಿದ್ದರು. ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು, ಕೇಳುವವರು ಯಾರೂ ಇರಲಿಲ್ಲ. ನಾನು ಕೈ ಬೀಸಿದೆ. ಯಾರೂ ನೋಡಲಿಲ್ಲ. ಮೂವರೂ ನಗುತ್ತಿದ್ದದ್ದು ಮಾತ್ರ ಕಾಣಿಸಿತು. ಇರಲಿ, ಮೂರು ತಿಂಗಳು ಬಡಿದಾಡಿ ಜೋಡಿ ಕೂಡಿಸಿದವರು ಕೊನೆಗೆ ಹೊರಗೆ ನಿಂತು ನೋಡುವುದೇ ರೂಢಿ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಬಸ್ಸು ಎಡಕ್ಕೆ ತಿರುಗಿತು.

"ಏನಮ್ಮಾ ನೀನು! ಅವಾಗ್ಲಿಂದ ನೋಡ್ತಿವ್ನಿ, ತಿರುವು ಬಂದಾಗೆಲ್ಲ ನನ್ ಮ್ಯಾಲೆ ಬೀಳ್ತೀಯ!" ಎಂದಳು ಹೂವಿನ ಹೆಂಗಸು, ಬುಟ್ಟಿಯನ್ನು ಅಪ್ಪಿಕೊಂಡು. "ಎಲ್ರೂ ಆ ಕಡೀಕೆ ವಾಲಿದ್ರೆ ನೀನೊಬ್ಳು ಈ ಕಡೀಕೆ ವಾಲ್ತೀಯಲ್ಲ, ನಿಂಗೇನಾಗೈತೆ? ಹೂವೆಲ್ಲ ಅಪ್ಪಚ್ಚಿ ಆಗೋಯ್ತು!"

ತಪ್ಪಾಯಿತಮ್ಮಾ ಎಂದೆ. ನೆಟ್ಟಗೆ ಕೂತೆ, ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ, ಪಂಚಾಕ್ಷರಿ ಹೇಳಿಕೊಂಡೆ. ಮುಂದಿನ ಎಡ ತಿರುವಿನಲ್ಲಿ ಮತ್ತೆ ಪೂರ್ತಿ ವಾಲಿದೆ. ಮಧುಗಿರಿಯವರೆಗೂ ಆ ಬಸ್ಸಿನ ಒಂದು ಚಕ್ರವೂ ನೆಲ ಬಿಡಲಿಲ್ಲ. ಯಾರ ದಯೆಯಿಂದ ಎಂದು ಆಕೆಗೂ ಗೊತ್ತಿಲ್ಲ, ಡ್ರೈವರಿಗೂ ಗೊತ್ತಿಲ್ಲ. ನಾನೂ ಹೇಳಲು ಹೋಗಲಿಲ್ಲ.